ಡಾಲರಮ್ಮನ ಹಣೆಯ ಕುಂಕುಮ

ಇವತ್ತು ಬೆಳಿಗ್ಗೆ ಸ್ಟಾಕ್‌ಪೋರ್ಟಿನಲ್ಲಿ, ಜನ ಕಾರಿನ ಡಿಕ್ಕಿ ತೆರೆದು ಬೇಡದ ಸಾಮಾನು ಮಾರುವ ಕಾರ್ ಬೂಟ್ ಸೇಲ್‌ನಲ್ಲಿ, ಹಳೇ ಚಮಚಗಳ ನಡುವೆ ಅವಳನ್ನು ಕಂಡು ಕೂಗಿಯೇಬಿಟ್ಟೆ. ಥೇಟ್ ನಮ್ಮ ಡಾಲರಮ್ಮ!

ಅಮೆರಿಕದ ಬೆಳ್ಳಿ ಡಾಲರಿನಷ್ಟೇ ಅಗಲ, ಅದರಲ್ಲಿರುವಂಥದೇ ಹೆಣ್ಣಿನ ಮುಖ. ಆದರೆ ಅದು ನಾಣ್ಯವಲ್ಲ, ಯಾವುದೋ ಊರಿನ ಶತಮಾನೋತ್ಸವಕ್ಕೆ ಖಾಸಗಿಯವರು ಹೊರಡಿಸಿದ ಪದಕ. ನಾನು ಚಿಕ್ಕವನಿದ್ದಾಗ ಹಾರ್ಬೋರ್ನ್‌ನ ನಮ್ಮ ಮನೆಯಲ್ಲಿ ಅಪ್ಪ ಇಂಥವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಡುತ್ತಿದ್ದರು. ನಾನು ಕೈಹಾಕಿದರೆ ಸಾಕು, "ಅಂಚು ಹಿಡ್ಕೋ, ಮುಖ ಮುಟ್ಬೇಡ!" ಎಂದು ಗದರುತ್ತಿದ್ದರು.

ಒಂದು ಶುಕ್ರವಾರ ಅವರ ಗೆಳೆಯರೊಬ್ಬರು ಬೇರೆ ಎರಡು ಪದಕ ಕೊಟ್ಟು ಡಾಲರಮ್ಮನನ್ನು ಒಯ್ಯಲು ಬಂದರು. ಮೈಸೂರಿನಿಂದ ಬಂದಿದ್ದ ಅಜ್ಜಿ ನೆಟ್ಟಗೆ ಹೋಗಿ ಅವಳ ಹಣೆಗೆ ಒದ್ದೆ ಕುಂಕುಮ ಒತ್ತಿದರು.

"ಅಯ್ಯೋ ಅಮ್ಮಾ, ಹಾಳಾಯ್ತಲ್ಲ! ಇನ್ಯಾರು ತಗೋತಾರೆ?" ಎಂದು ಅಪ್ಪ ಕೂಗಾಡಿದರು.

"ಮನೆಯಿಂದ ಹೊರಡೋ ಹೆಣ್ಮಗಳನ್ನ ಬರೀ ಹಣೇಲಿ ಕಳಿಸ್ತಾರೇನೋ?" ಎಂದರು ಅಜ್ಜಿ.

ಗೆಳೆಯರು ನಕ್ಕು, ತಂದಿದ್ದ ಪದಕಗಳನ್ನೇ ವಾಪಸ್ ಒಯ್ದರು. ಡಾಲರಮ್ಮ ನಮ್ಮಲ್ಲೇ ಉಳಿದಳೆಂದು ನಾನು ಮನೆ ತುಂಬಾ ಕುಣಿದಾಡಿದೆ.

ಇವತ್ತು ಅವಳ ಜೋಡಿಯನ್ನು ಕೊಂಡು, ಅಲ್ಲೇ ನಿಂತು ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅಪ್ಪ ಕುರ್ಚಿಯಿಂದ ಎದ್ದು ನಿಂತರು.

"ಮನೆಗೆ ಹೋದ ತಕ್ಷಣ ಕುಂಕುಮ ಇಟ್ಬಿಡೋ. ಆಮೇಲೆ ಯಾರೂ ಕೇಳಲ್ಲ!"