ಬಿಳಿ ಕಲ್ಲಿನ ಹತ್ತಿರ ನಿಂತ ವಿಮಾನ

ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಅವಳಿಗೆ ತಕ್ಕಡಿ ಅಕ್ಕ ಎಂದೇ ಹೆಸರು. ಪ್ಯಾರಾಚೂಟ್ ಕಟ್ಟಿಕೊಂಡು ಆಕಾಶದಿಂದ ಜಿಗಿಯುವವರನ್ನು ಮೇಲಕ್ಕೆ ಒಯ್ಯುವ ಪೈಲಟ್ ಅವಳು. ಶೆಡ್ಡಿನ ಬಾಗಿಲಲ್ಲಿ ತೂಕದ ಯಂತ್ರ ಇಟ್ಟಿದ್ದಳು. ಚೀಲ, ಹೆಲ್ಮೆಟ್ಟು, ಬೂಟು ಸಮೇತ ಅದರ ಮೇಲೆ ನಿಲ್ಲದವರು ವಿಮಾನ ಹತ್ತುವಂತಿರಲಿಲ್ಲ.

"ಹೊಟ್ಟೆ ಬಿರಿಯ ತಿಂದು ಬಂದಿದೀನಿ ಅಕ್ಕಾ, ಸ್ವಲ್ಪ ಕಣ್ಣು ಮುಚ್ಕೊಳ್ಳಿ."

"ನಾನು ಮುಚ್ಕೋಬಹುದು, ರೆಕ್ಕೆ ಮುಚ್ಕೊಳ್ಳಲ್ಲ. ನಿಲ್ಲು!"

ಮೂವತ್ತೈದು ವರ್ಷ ಬಸ್ಸು ಓಡಿಸಿದ ಅಪ್ಪನಿಗೆ ಮಾತ್ರ ಮಗಳ ಕೆಲಸ ಲೆಕ್ಕಕ್ಕೇ ಇರಲಿಲ್ಲ. "ಜನ ನಡುದಾರೀಲೇ ಇಳಿದು ಹೋಗ್ತಾರೆ, ನೀನು ಖಾಲಿ ಗಾಡಿ ತಗೊಂಡು ಹೊರಟ ಜಾಗಕ್ಕೇ ಬರ್ತೀಯ. ಇದ್ಯಾವ ಸೀಮೆ ಡ್ರೈವಿಂಗಮ್ಮಾ?" ಎಂದು ಕಾಲೆಳೆಯುತ್ತಿದ್ದರು. ಅಂಥವರು ಒಂದು ಶನಿವಾರ ಮೊದಲ ಸಲ ನೋಡಲು ಬಂದು ಬೇಲಿಯ ಬಳಿ ನಿಂತರು. ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಅವಳ ಮನಸ್ಸು ಹಾತೊರೆಯುತ್ತಿತ್ತು.

ಬಿಸಿಲು ನೆತ್ತಿ ಸುಡುತ್ತಿತ್ತು. ಐದು ಜನರನ್ನು ಕೂರಿಸಿಕೊಂಡು ವಿಮಾನ ಹುಲ್ಲಿನ ಮೇಲೆ ಓಡಿತು. ದಾರಿಯ ಪಕ್ಕ ಅವಳೇ ಸುಣ್ಣ ಬಳಿದ ಕಲ್ಲೊಂದಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಚಕ್ರ ನೆಲ ಬಿಡದಿದ್ದರೆ ಹಾರಾಟವಿಲ್ಲ. ಮುಂದಿರುವುದು ಮರಗಳ ಸಾಲು.

ಕಲ್ಲು ಬಂತು. ಚಕ್ರ ಇನ್ನೂ ಗಡಗಡ ಎನ್ನುತ್ತಲೇ ಇತ್ತು.

"ಏಳುತ್ತೆ ಅಕ್ಕಾ, ಎಳೀರಿ!" ಹಿಂದಿನಿಂದ ಎಲ್ಲರೂ ‘ಮೀಸೆ’ ಎಂದೇ ಕರೆಯುವ ತಂಡದ ನಾಯಕ ಕೂಗಿದ.

ಅಪ್ಪನ ಬಿಳಿ ಅಂಗಿ ಕಣ್ಣಂಚಿನಲ್ಲಿ ಸರಿದುಹೋಯಿತು. ಅಷ್ಟರಲ್ಲಿ ಅವಳ ಕೈ ಎಂಜಿನ್ನಿನ ವೇಗ ಇಳಿಸಿಯಾಗಿತ್ತು, ಕಾಲು ಬ್ರೇಕ್ ತುಳಿದಾಗಿತ್ತು. ಮರಗಳಿಗೆ ಇನ್ನೂ ಸಾಕಷ್ಟು ದೂರವಿರುವಾಗಲೇ ವಿಮಾನ ನಿಂತಿತು.

"ಎಲ್ಲರೂ ಮತ್ತೆ ತಕ್ಕಡಿಗೆ ನಡೀರಿ."

ಮೀಸೆಯ ಮುಖ ಸಪ್ಪಗಾಯಿತು. "ಅಕ್ಕಾ... ಸೀಸದ ಬೆಲ್ಟು. ಸಣಕಲರು ನಿಧಾನ ಬೀಳ್ತಾರೆ, ಎಲ್ಲರೂ ಜೊತೆಗೆ ಬೀಳ್ಬೇಕಲ್ಲ. ತೂಕ ಆದ್ಮೇಲೆ ಮೂರು ಜನಕ್ಕೆ ಎಂಟೆಂಟು ಕೆ.ಜಿ. ಕಟ್ಟಿದ್ವಿ. ಎಷ್ಟು ಮಹಾ ಆಗುತ್ತೆ ಅಂತ..."

"ಇಪ್ಪತ್ನಾಲ್ಕು ಕೆ.ಜಿ. ಮೂರನೇ ಕ್ಲಾಸಿನ ನನ್ನ ಮಗಳ ತೂಕ. ನನಗೆ ಹೇಳ್ದೆ ಆರನೇವಳನ್ನ ಹತ್ತಿಸಿದ್ರಿ." ಅವಳು ದನಿ ಏರಿಸಲಿಲ್ಲ. "ಹತ್ತೋವಾಗ ಇನ್ನೊಂದ್ಸಲ ನೋಡದೇ ಇದ್ದಿದ್ದು ನನ್ನ ತಪ್ಪು. ವಿಮಾನ ನನ್ನ ಕೈಲಿದ್ದಾಗ ಬೆಲ್ಟು ಯಾರದ್ದಾದ್ರೂ ಹೊಣೆ ನಂದೇ."

ತೂಕದ ಯಂತ್ರವನ್ನು ತಾನೇ ಹೊತ್ತು ವಿಮಾನದ ಬಾಗಿಲ ಕೆಳಗೆ ಇಟ್ಟಳು. ಅಂದಿನಿಂದ ಅದರ ಜಾಗ ಅದೇ. ಬೆಲ್ಟು ಬೇಕಾದರೆ ಒಬ್ಬರು ಕೆಳಗಿರಲಿ ಎಂದಳು. ಮೀಸೆ ತಾನೇ ಕೆಳಗುಳಿದ. ಈ ಸಲ ಕಲ್ಲಿಗಿಂತ ಎಷ್ಟೋ ಮೊದಲೇ ಚಕ್ರ ನೆಲ ಬಿಟ್ಟಿತು.

ನಾಲ್ವರನ್ನು ಆಕಾಶದಲ್ಲಿ ಇಳಿಸಿ ಖಾಲಿ ವಿಮಾನದೊಂದಿಗೆ ಮರಳಿದಾಗ ಅಪ್ಪ ಕಲ್ಲಿನಾಚೆ ಬಗ್ಗಿ, ಹುಲ್ಲಿನಲ್ಲಿ ಮೂಡಿದ್ದ ಬ್ರೇಕಿನ ಗುರುತು ನೋಡುತ್ತಿದ್ದರು. ಮಗಳು ಹತ್ತಿರ ಬಂದರೂ ಅವಳ ಕಡೆ ತಿರುಗಲಿಲ್ಲ. ಪಕ್ಕದಲ್ಲಿದ್ದ ಮೀಸೆಯ ಹೆಗಲು ತಟ್ಟಿ ಗಟ್ಟಿಯಾಗಿ ಹೇಳಿದರು:

"ಓಡಿಸೋದು ಯಾರಾದ್ರೂ ಕಲೀತಾರಪ್ಪ. ನಿಲ್ಸಿದ್ದು ನೋಡಿದ್ಯಾ? ನನ್ನ ಮಗಳು!"