ನಲವತ್ತೇಳನೇ ಮರದ ಗುಟ್ಟು

ರಂಗಸಾಮಣ್ಣ ಮರಗಳನ್ನು ಬೈದುಕೊಂಡೇ ಅಳೆಯುತ್ತಿದ್ದರು. ಎದೆಮಟ್ಟಕ್ಕೆ ಟೇಪು ಸುತ್ತಿ, ಬೆರಳ ಗೆಣ್ಣಿನಿಂದ ಕಾಂಡ ಕುಟ್ಟಿ, ಕಿವಿಗೊಟ್ಟು ತೀರ್ಪು ಹೇಳುವರು. "ಇದು ನನ್ನ ಮಚ್ಚಾನ್ ಇದ್ದಂಗೆ ತಂಬಿ. ಉದ್ದ ಮಾತ್ರ ಅವ್ನೆ, ಒಳಗೆ ಸರಕಿಲ್ಲ." ಆ ಭಾವಮೈದನನ್ನು ನಾನು ಕಂಡಿಲ್ಲ. ತೋಟದಲ್ಲಿ ಅವನ ಹೆಸರಿನ ಮರಗಳು ಹನ್ನೊಂದಿದ್ದವು.

ತಮಿಳು ಸೀಮೆಯ ಸಿರುಮುಗೈಯಲ್ಲಿ, ಕನ್ನಡವೇ ಮನೆಮಾತಾದ ನೇಕಾರರ ಮನೆಯವರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರಲಾರದೆ ನಮ್ಮ ಮರತಳಿ ಸಂಶೋಧನೆಯ ತೋಟಕ್ಕೆ ಕೆಲಸಕ್ಕೆ ಬಂದಿದ್ದರು. ಮೈಸೂರಿನಿಂದ ಹೋದ ನನ್ನ ಕನ್ನಡ ಕೇಳಿ, "ಏನ್ ತಂಬಿ, ರೇಡಿಯೋ ಇದ್ದಂಗೆ ಮಾತಾಡ್ತೀಯ" ಅಂದಿದ್ದರು.

ತೋಟದಲ್ಲಿದ್ದದ್ದು ಹೆಬ್ಬೇವು, ಪ್ಲೈವುಡ್ಡಿನ ಮರ. ಊರೂರಿನ ಬೀಜ ತಂದು ಒಂದೇ ಮಣ್ಣು, ಒಂದೇ ಅಂತರ, ಒಂದೇ ನೀರು ಕೊಟ್ಟು ಬೆಳೆಸಿದ್ದೆವು. ಆಗ ಯಾವುದು ದಪ್ಪವಾಯಿತೋ ಅದು ತಳಿಯ ಗುಣವೇ ಎಂಬುದು ನಮ್ಮ ಲೆಕ್ಕ. ನಲವತ್ತೇಳನೇ ಮರ ಎಲ್ಲವನ್ನೂ ಮೀರಿಸಿತ್ತು. ನನ್ನ ಪಿಎಚ್‌ಡಿ ಅದರ ಮೇಲೇ ನಿಂತಿತ್ತು. ರಂಗಸಾಮಣ್ಣ ಅದೊಂದನ್ನು ಮಾತ್ರ ಕುಟ್ಟುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಟೇಪು ಸುತ್ತಿ ಅಂಕಿ ಹೇಳಿ ಮುಂದೆ ಹೋಗುವರು. ಗೌರವ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

ತಾಯಿಮರ ಆರಿಸುವ ದಿನ ದೊಡ್ಡವರೆಲ್ಲ ಬಂದರು. ಅದರ ಕಡ್ಡಿಯಿಂದ ಸಸಿ ಮಾಡಿ ಕಿಣತ್ತುಕಡವು ಕಡೆಯ ರೈತರಿಗೆ ಹಂಚುವುದೆಂದಾಯಿತು. ನಲವತ್ತೇಳಕ್ಕೆ ಪಟ್ಟೆ ಬಳಿಯಲು ನಾನು ಕುಂಚ ಅದ್ದಿದ್ದೆ. ರಂಗಸಾಮಣ್ಣ ಕೈ ಹಿಡಿದುಕೊಂಡರು.

"ಬೇಡ ತಂಬಿ. ದಿನಾ ಬೆಳಿಗ್ಗೆ ನಾನು ಇದ್ರ ಬುಡಕ್ಕೇ ಉಚ್ಚೆ ಹೊಯ್ಯೋದು. ಆರು ವರ್ಷ ಆಯ್ತು."

ಕನ್ನಡ ಬಾರದ ನಮ್ಮ ಮುಖ್ಯಸ್ಥರು ಏನಂತೆ ಎಂದು ಕೇಳಿದರು. ನಾನು ಏನಾದರೂ ಸುಳ್ಳು ಹೊಂದಿಸುವಷ್ಟರಲ್ಲಿ ರಂಗಸಾಮಣ್ಣನೇ ತಮಿಳಿನಲ್ಲಿ ಇನ್ನೊಮ್ಮೆ, ವಿವರವಾಗಿ, ಹೇಳಿಬಿಟ್ಟರು.

ಮೊದಲೇ ಬಾಯಿಬಿಡಲು ಏನು ರೋಗವೆಂದು ಆಮೇಲೆ ರೇಗಿದೆ.

"ನಾಚಿಕೆ ತಂಬಿ. ಆದ್ರೆ ರೈತ ಪಾವಂ, ನೆಟ್ಟು ವರ್ಷಗಟ್ಟಲೆ ಕಾಯ್ತಾನೆ. ಅವರ ತೋಟಕ್ಕೆಲ್ಲ ನಾನು ಹೋಗೋಕಾಗುತ್ತಾ? ಆ ಹನ್ನೆರಡನೇ ಮರಾನ ತಗೋ. ಗಿಡ್ಡ, ಆದ್ರೆ ಗಟ್ಟಿ."

ನನ್ನ ಎರಡು ಅಧ್ಯಾಯ ಮಣ್ಣುಪಾಲಾಯಿತು. ವಾರಗಟ್ಟಲೆ ಅವರೊಡನೆ ಮಾತು ಬಿಟ್ಟೆ. ಕೊನೆಗೆ ಪರೀಕ್ಷೆ ಮಾಡಿದರೆ ಹನ್ನೆರಡರ ಮರವೇ ಗಟ್ಟಿ, ಅದನ್ನೇ ಹಂಚಿದೆವು. ತಪ್ಪಾಯಿತು ಎಂದು ಅವರಿಗೆ ಹೇಳಲಿಲ್ಲ. ಅದಕ್ಕೆ ಈಗಲೂ ಸಂಕಟವಾಗುತ್ತದೆ.

ಅವರು ಕೆಲಸ ಬಿಟ್ಟ ಮೂರನೇ ವರ್ಷ ಸಿರುಮುಗೈಗೆ ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು.

"ನಲವತ್ತೇಳು ಹೆಂಗಿದೆ?"

"ನೀವು ಬಿಟ್ಟ ಮೇಲೆ ಬೆಳೆದೇ ಇಲ್ಲ ಅಣ್ಣ."

ಕೆಮ್ಮು ಹತ್ತುವವರೆಗೆ ನಕ್ಕರು. ಆ ತಿಂಗಳೇ ತೀರಿಕೊಂಡರು.

ಈ ವರ್ಷ ತೋಟ ಕಡಿದೆವು. ನಲವತ್ತೇಳರ ಒಂದು ಬಿಲ್ಲೆ ಕೊಯ್ಸಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಬಂದವರು ಯಾವ ತಳಿ ಎಂದು ಕೇಳುತ್ತಾರೆ. ನಡುವಿನ ಉಂಗುರಗಳು ಹೆಬ್ಬೆರಳಗಲ, ಅಂಚಿನವು ನೂಲಿನಷ್ಟು ಸಣ್ಣ. ರಂಗಸಾಮಣ್ಣ ಕೆಲಸಕ್ಕೆ ಬಂದ ಕಡೆಯ ವರ್ಷ ಯಾವುದೆಂದು ಬೆರಳಿಟ್ಟು ತೋರಿಸುತ್ತೇನೆ.