ಪಾಳುಮನೆಯ ಹನ್ನೊಂದು ಜನ

ಮುಂಗಾರಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಚಳ್ಳಕೆರೆಯ ಮಣ್ಣಿನ ಮಾಳಿಗೆಗಳ ಮೇಲೆಲ್ಲ ಜನ ಓಡಾಡುತ್ತಿದ್ದ ಕಾಲ ಅದು. ಆವತ್ತು ನಮ್ಮ ಮಾಳಿಗೆಯ ಮೇಲೆ ಇದ್ದವರು ಸಲಿಕೆ ಹಿಡಿದ ಚಿಕ್ಕಪ್ಪ, ಸೆರಗು ಸಿಕ್ಕಿಸಿ ಬುಟ್ಟಿ ಎತ್ತುತ್ತಿದ್ದ ಅವ್ವ, ನಾನು, ನನ್ನಷ್ಟೇ ವಯಸ್ಸಿನ ಚಿಕ್ಕಪ್ಪನ ಮಗಳು ಗಿರಿಜಾ. ಕೆಳಗೆ ಬೇವಿನ ನೆರಳಲ್ಲಿ ಕೂತು ನಮಗೆಲ್ಲ ಅಪ್ಪಣೆ ಕೊಡುತ್ತಿದ್ದವಳು ಅಜ್ಜಿ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರ್ಲು ಹಾಕಬೇಕಿತ್ತು. ದೊಡ್ಡಉಳ್ಳಾರ್ತಿ ಕಡೆಯ ಸವುಳು ನೆಲದಿಂದ ಗಾಡಿಯಲ್ಲಿ ತರುತ್ತಿದ್ದ ಬೂದು ಬಣ್ಣದ ಮಣ್ಣು ಅದು. ಹೋದ ವರ್ಷದ್ದನ್ನು ಕೆರೆದು ಕೆಳಗೆ ತಳ್ಳಿ, ಹೊಸದನ್ನು ಹರಡಿ, ತುಳಿದು ಬಿಟ್ಟರೆ ಎಂಥ ಮಳೆಗೂ ಒಳಗೆ ಒಂದು ಹನಿ ಬೀಳುತ್ತಿರಲಿಲ್ಲ. ತುಳಿಯುವ ಕೆಲಸ ಮಕ್ಕಳದು. ನಮಗೆ ಅದು ಆಟ. ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡಬೇಕು, ತಪ್ಪಿದವರು ಔಟು. ಸಂಜೆಗೆ ಹಿಮ್ಮಡಿಯ ಬಿರುಕಲ್ಲಿ ಸವುಳು ಹೊಕ್ಕು ಚುರುಗುಟ್ಟುತ್ತಿತ್ತು, ಅವ್ವ ಹರಳೆಣ್ಣೆ ಸವರುತ್ತಿದ್ದಳು. ಇಡೀ ಪೇಟೆಗೆ ಗಾಣದ ಶೇಂಗಾ ಹಿಂಡಿಯ ವಾಸನೆ.

ಆವತ್ತು ಮಧ್ಯಾಹ್ನಕ್ಕೆ ಅರ್ಧ ಮಾಳಿಗೆ ಕೆರೆದಾಗಿತ್ತು. ಧೂಳು ಬೀಳುತ್ತದೆಂದು ಕೊಡ, ಕೊಪ್ಪರಿಗೆ, ಹಾಸಿಗೆ ಎಲ್ಲ ಬೀದಿಗೆ ಬಂದಿದ್ದವು. ಬಾಗಿಲ ಮುಂದೆ ಆಳೆತ್ತರದ ಮಣ್ಣಿನ ಗುಡ್ಡೆ. "ಮುದ್ದೆ ಆರ್ತೈತೆ, ಬರ್ರೋ!" ಎಂದು ಅಜ್ಜಿ ಕೂಗಿದ್ದೇ ಎಲ್ಲರೂ ಹಿತ್ತಲಿಗೆ ಹೋದರು. ನಾನು, ಗಿರಿಜಾ ಮಾತ್ರ ಮೇಲೇ ಉಳಿದಿದ್ದೆವು.

ಆಗ ಬೀದಿಯಲ್ಲಿ ಕ್ಯಾಮೆರಾದವರೊಬ್ಬರು ಕಂಡರು. ಊರಿನ ಹಳೆಯ, ಹೊಸ ಕಟ್ಟಡಗಳ ಚಿತ್ರ ತೆಗೆದು, ಪ್ರದರ್ಶನ ಮಾಡಿ, ಪುಸ್ತಕವನ್ನೂ ತರಬೇಕೆಂದು ಹಿರಿಯರು ಅವರನ್ನು ದಾವಣಗೆರೆಯಿಂದ ಕರೆಸಿದ್ದರು. ಅವರು ಹೊಸ ಎಣ್ಣೆ ಮಿಲ್ಲು, ಲಾಡ್ಜು, ಟಾಕೀಸು ಮುಗಿಸಿ ನಮ್ಮ ಮನೆ ಮುಂದೆ ನಿಂತರು. ನಾವು ಅಂಚಿಗೆ ಓಡಿ ಹಲ್ಲು ಕಿರಿದು ನಿಂತೆವು.

"ಮಕ್ಕಳೇ, ಸ್ವಲ್ಪ ಸರೀರಿ. ಮನೆ ಮಾತ್ರ ಬೇಕು."

ಗಿರಿಜಾ ಅಲುಗಲಿಲ್ಲ. ನಾನೇ ಅವಳ ಲಂಗ ಜಗ್ಗಿ ಕೂರಿಸಿದೆ. ಕ್ಲಿಕ್ ಎಂದಿತು.

ಒಂದು ತಿಂಗಳಾದ ಮೇಲೆ ಪೇಟೆಯ ಹೊಸ ಸಭಾಂಗಣದಲ್ಲಿ ಪ್ರದರ್ಶನ. ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋದರು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಬಲಕ್ಕೆ ಎಣ್ಣೆ ಮಿಲ್ಲು ಫಳಫಳ ಹೊಳೆಯುತ್ತಿತ್ತು. ಎಡಕ್ಕೆ ಮಣ್ಣಿನ ಗುಡ್ಡೆ, ಚೆಲ್ಲಾಪಿಲ್ಲಿ ಕೊಡಗಳು, ನಮ್ಮ ಬಾಗಿಲು. ಕೆಳಗೆ ದಪ್ಪಕ್ಷರ: 'ಪಾಳುಬಿದ್ದ ಹಳೆಯ ಮನೆ.'

ನಮ್ಮ ತರಗತಿಯ ಮಂಜನಿಗೆ ಅಷ್ಟೇ ಸಾಕಾಯಿತು. "ಪಾಳ್ಮನೆ ದೆವ್ವಗಳು ಬಂದ್ವು, ದಾರಿ ಬಿಡ್ರಲೇ!"

ಮನೆಗೆ ಬಂದು ಅತ್ತುಕೊಂಡು ಹೇಳಿದೆ. ಚಿಕ್ಕಪ್ಪ, "ಹೋಗ್ಲಿ ಬಿಡು ಮಗಾ, ನಾಕ್ ದಿನ ಇಟ್ಟು ಬಿಚ್ತಾರೆ" ಎಂದ. ಅಜ್ಜಿಯ ತವರು ಆಂಧ್ರದ ಗಡಿಯ ಮೊಳಕಾಲ್ಮೂರು. ಸಿಟ್ಟು ನೆತ್ತಿಗೇರಿದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಂದಿರಾ ಇದಿ! ದಿನಾ ಎರಡೊತ್ತು ಒಲೆ ಉರಿಯೋ ಮನೆ ಪಾಳು ಹೆಂಗಾಗ್ತೈತೆ?"

ಮಾರನೆಯ ದಿನ ಅವಳು ಪೆಟ್ಟಿಗೆ ತೆಗೆದು ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟಳು, ಹಣೆ ತುಂಬ ವಿಭೂತಿ ಬಳಿದುಕೊಂಡಳು. ತೊಟ್ಟಿಲ ಕೂಸೂ ಸೇರಿ ಮನೆಯ ಹನ್ನೊಂದೂ ಜನರನ್ನು ಹೊರಡಿಸಿದಳು. ಪೇಟೆಯಲ್ಲಿ ಬಟ್ಟೆ ಅಂಗಡಿಯವರು ಕೇಳಿದರು: "ಯಾರ ಮದುವೆ ಅಜ್ಜೀ?"

"ಮದುವೆ ಅಲ್ಲಪ್ಪಾ. ನಮ್ಮನೆ ಸತ್ತೋಗೈತಂತೆ, ಮುಖ ನೋಡಾಕೆ ಹೊಂಟೀವಿ."

ಸಭಾಂಗಣದಲ್ಲಿ ಚಿತ್ರದ ಕೆಳಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದಳು. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಎಣಿಸ್ಕೋರಿ." ಗುಂಪು ಸೇರಿತು. ಕ್ಯಾಮೆರಾದವರು ಓಡಿ ಬಂದರು.

"ಅಜ್ಜೀ, ಮಣ್ಣೆಲ್ಲ ಕುಸಿದು ಬಿದ್ದಿತ್ತು. ಮೇಲೆ ಆಡೋ ಮಕ್ಳು ಬಿಟ್ರೆ ಯಾರೂ ಕಾಣ್ಲಿಲ್ಲ, ಅದಕ್ಕೆ..."

"ಕುಸಿದಿದ್ದಲ್ಲ ತಮ್ಮಾ, ಕೆರೆದಿದ್ದು. ಅರ್ಧ ಗಡ್ಡ ಬೋಳಿಸ್ಕೊಂಡು ಕುಂತಿರೋವಾಗ ನಿನ್ನ ಫೋಟೊ ಹಿಡಿದು, 'ಇವ್ನು ಸತ್ತ' ಅಂತ ಬರೆದ್ರೆ ಸುಮ್ಕಿರ್ತೀಯಾ?"

ಗುಂಪು ಗೊಳ್ಳೆಂದಿತು. ಅವರೂ ನಕ್ಕರು, ಪಾಪ, ಒಳ್ಳೆಯವರು. "ನಾಳೆ ಬಂದು ಚೆಂದಾಗಿ ಇನ್ನೊಂದು ತೆಗೀತೀನಿ ಅಜ್ಜೀ."

"ಚಿತ್ರ ಇರ್ಲಿ. ಅಕ್ಷರ ತಿದ್ದು."

ಅವರು ಮಸಿ ತರಿಸಿ, ನಮ್ಮೆಲ್ಲರ ಎದುರಿಗೇ 'ಪಾಳುಬಿದ್ದ' ಹೊಡೆದುಹಾಕಿ 'ಕರ್ಲು ಹಾಕುತ್ತಿರುವ' ಎಂದು ಬರೆದರು. ಅಜ್ಜಿಗೆ ಓದು ಬಾರದು. ಗಿರಿಜಾಳ ಕೈಲಿ ಎರಡು ಸಲ ಓದಿಸಿಯೇ ಅವಳು ಅಲ್ಲಿಂದ ಕದಲಿದ್ದು. ಪುಸ್ತಕ ಅಷ್ಟು ಹೊತ್ತಿಗೆ ಅಚ್ಚಿಗೆ ಹೋಗಿಬಿಟ್ಟಿತ್ತು ಎಂಬುದು ನಮಗೆ ಗೊತ್ತಿರಲಿಲ್ಲ.

ಈಗ ಆ ಮನೆ ಇಲ್ಲ, ರಸ್ತೆ ಅಗಲವಾಯಿತು. ನಮ್ಮ ಒಲೆ ಇದ್ದ ಜಾಗದ ಮೇಲೆ ಬಸ್ಸುಗಳು ಹೋಗುತ್ತವೆ. ಪೇಟೆಯಲ್ಲಿ ಕರ್ಲು ಎಂದರೆ ಏನೆಂದು ಕೇಳುವ ಮಕ್ಕಳಿದ್ದಾರೆ. ಮಣ್ಣು ಅಗೆಯುತ್ತಿದ್ದ ನೆಲ ಸರ್ಕಾರಿ ಸಂಸ್ಥೆಗಳ ಕಾಂಪೌಂಡಿನ ಒಳಗೆ ಸೇರಿದೆ. ಹನ್ನೊಂದರಲ್ಲಿ ಉಳಿದವರು ಐದು ಜನ. ಗಿರಿಜಾ ಇಲ್ಲ.

ಹೋದ ವರ್ಷ ಊರಿನ ಗ್ರಂಥಾಲಯದಲ್ಲಿ ಆ ಪುಸ್ತಕದ ಹೊಸ ಮುದ್ರಣ ಕಂಡಿತು. ಬಲಕ್ಕೆ ಮಿಲ್ಲಿನ ಬದಲು ಕುದಾಪುರದ ವಿಜ್ಞಾನ ಸಂಸ್ಥೆಯ ಗಾಜಿನ ಕಟ್ಟಡ. ಎಡಕ್ಕೆ ಅದೇ ಗುಡ್ಡೆ, ಅದೇ ಕೊಡ, ಅದೇ 'ಪಾಳುಬಿದ್ದ ಹಳೆಯ ಮನೆ'. ನಾನು ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಅಜ್ಜಿಯಿಂದ ಶುರುಮಾಡಿ ಹನ್ನೊಂದೂ ಹೆಸರು ಬರೆದೆ. ಮಾಳಿಗೆಯ ಅಂಚಿಗೆ ಬಾಣದ ಗುರುತು ಹಾಕಿ, 'ಗಿರಿಜಾ ಇಲ್ಲಿದ್ದಳು, ನಾನು ಕೂರಿಸಿದೆ' ಎಂದೂ ಸೇರಿಸಿದೆ.

ಗ್ರಂಥಾಲಯದವನು ಎದ್ದು ಬಂದ. "ಏನ್ ಮೇಡಮ್ಮಾರೇ, ಓದಿದೋರು ಹಿಂಗ್ ಗೀಚ್ತಾರೇನ್ರಿ?"

ಗೀಚಿದ್ದಲ್ಲ, ತಿದ್ದಿದ್ದು ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಹೆಸರುಗಳನ್ನು ಓದಿದ. ಆಮೇಲೆ ನಾಲ್ಕು ಹಾಳೆ ಮಗುಚಿದ. ಪಕ್ಕದ ಹಳ್ಳಿ ನನ್ನಿವಾಳದ ಒಂದು ಓಣಿಯ ಚಿತ್ರ, ಕೆಳಗೆ 'ನಿರ್ಜನ ಬೀದಿ' ಎಂದಿತ್ತು.

"ಪೆನ್ ಇತ್ಲಾಗ್ ಕೊಡ್ರಿ" ಎಂದ.

ಎರಡನೆಯ ಬಾಗಿಲ ಪಕ್ಕದಲ್ಲಿ ತನ್ನವ್ವನ ಹೆಸರು ಬರೆದು, ಮಸಿ ಆರುವವರೆಗೆ ಊದಿ, ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಟ್ಟ.